ಕಾಜಾ ಹೊಲಿಯುವವಳ ಓದು

ನನ್ನ ಓರಗಿತ್ತಿ ಕಾಜಾ ಹೊಲಿಯುವವಳು. ಆಸ್ಪತ್ರೆಯ ಡಾಕ್ಟರುಗಳು ತೊಡುವ ಬಿಳಿ ಕೋಟಿನಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದರ ಅಂಚು ಬಿಟ್ಟುಕೊಳ್ಳದ ಹಾಗೆ ದಾರದಿಂದ ಕಟ್ಟುವ ಕೆಲಸ. ನೋಡುವವರಿಗೆ ಅದು ಕೆಲಸವೇ ಅಲ್ಲ. ಕಾಜಾ ಕಿತ್ತು ನೂಲು ಜೋತುಬಿದ್ದಾಗ ಮಾತ್ರ ಅದನ್ನು ಯಾರೋ ಒಬ್ಬರು ಕೂತು ಹೊಲಿದಿದ್ದರು ಎಂದು ನೆನಪಾಗುತ್ತದೆ. ಅವಳು ಹೊಲಿದದ್ದು ಕಿತ್ತು ಬಂದದ್ದನ್ನು ನಾನು ಕಂಡಿಲ್ಲ. ಕೋಟು ಹಳೆಯದಾಗಿ ನೆಲ ಒರೆಸುವ ಚಿಂದಿಯಾದ ಮೇಲೂ ಆ ಕಾಜಾಗಳು ಕಣ್ಣು ಬಿಟ್ಟುಕೊಂಡು ಹಾಗೇ ಇರುತ್ತಿದ್ದವು.

ನಮ್ಮ ಪ್ರಾರ್ಥನಾ ಮಂದಿರದ ಸಭೆಯಲ್ಲಿ, ಅಲ್ಲಿನ ಪುಸ್ತಕದ ಬೀರುವನ್ನು ತೆಗೆದು ಆ ಜಾಗದಲ್ಲಿ ಕುರ್ಚಿ ಹಾಕೋಣ ಎಂಬ ಮಾತು ಮೊನ್ನೆ ಬಂತು. ಈಗ ಅವನ್ನೆಲ್ಲ ಓದುವವರು ಯಾರಿದ್ದಾರೆ ಎಂದು ಕೇಳಿದರು. ಎದ್ದು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಬರೆಯುವುದೂ ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಕೂಡಿಸಿ ಬರೆಯಬೇಕು. ಆದರೂ ನನ್ನ ಓರಗಿತ್ತಿ ಹೇಗೆ ಓದಿದಳು, ಓದಿ ಅವಳಿಗೆ ಏನಾಯಿತು ಎನ್ನುವುದನ್ನು ಕಣ್ಣಾರೆ ನೋಡಿದವಳು ಈಗ ನಾನೊಬ್ಬಳೇ ಉಳಿದಿರುವುದರಿಂದ ಬರೆಯುತ್ತಿದ್ದೇನೆ.

ನಾವು ಕೆಲಸ ಮಾಡುತ್ತಿದ್ದ ಹೊಲಿಗೆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕಿಟಕಿಗಳು ಸೂರಿಗೆ ತಗಲಿಕೊಂಡಂತೆ ಮೇಲೆ ಇದ್ದವು. ಅವುಗಳಲ್ಲಿ ಕಾಣುತ್ತಿದ್ದದ್ದು ಹೊರಗೆ ಓಡಾಡುವವರ ಪಾದ ಮಾತ್ರ. ಯಾರ ಮುಖವನ್ನೂ ನೋಡದೆ ನಾವು ಚಪ್ಪಲಿ ನೋಡಿಯೇ ಇವರು ಸಂಬಂಧಿಕರನ್ನು ನೋಡಲು ಬಂದವರು, ಇವರು ಕಳೆದುಕೊಂಡು ಹೊರಟವರು ಎಂದು ಹೇಳುತ್ತಿದ್ದೆವು. ಕೋಣೆಯ ನಡುವೆ ಉದ್ದನೆಯ ಮೇಜು, ಒಂದು ಮೂಲೆಯಲ್ಲಿ ಇಸ್ತ್ರಿ, ಅದರ ಪಕ್ಕದಲ್ಲಿ ಕಾಲರುಗಳಿಗೆ ಹಾಕುವ ಗಂಜಿಯ ಬೋಗುಣಿ. ಗೋಡೆಯಲ್ಲಿ ಒಂದು ತಗಡಿನ ಬಾಗಿಲು. ಅದರ ಹಿಂದೆ ಅಗಲವಾದ ಕೊಳವೆ. ಮೇಲಿನ ವಾರ್ಡುಗಳಲ್ಲಿ ಹರಿದ ಬಟ್ಟೆಯನ್ನು ಗಂಟು ಕಟ್ಟಿ ಅದರೊಳಗೆ ಬಿಟ್ಟರೆ ಜಾರಿಕೊಂಡು ನಮ್ಮ ಕೋಣೆಗೆ ಬಂದು ಬೀಳುತ್ತಿತ್ತು. ಬಟ್ಟೆಯ ಹಾಗೆಯೇ ಸದ್ದೂ ಇಳಿದು ಬರುತ್ತಿತ್ತು. ತಟ್ಟೆ ಬಿದ್ದದ್ದು, ನರ್ಸ್ ಯಾರನ್ನೋ ಗದರಿಸಿದ್ದು, ಕೆಮ್ಮು, ಮಕ್ಕಳ ವಾರ್ಡಿನಿಂದ ಮಕ್ಕಳ ಅಳು.

ಹೊದಿಕೆಗಳ ಅಂಚು ಮಡಿಸಿ ಹೊಲಿಯುವುದು ನನ್ನ ಪಾಲಿನ ಕೆಲಸ. ಇಸ್ತ್ರಿಯ ಮುಂದೆ ನಿಲ್ಲುತ್ತಿದ್ದವಳನ್ನು ನಾವು ಇಸ್ತ್ರಿಯವಳು ಎಂದೇ ಕರೆಯುತ್ತಿದ್ದೆವು. ಅವಳ ಬಾಯಿ ಅವಳ ಇಸ್ತ್ರಿಗಿಂತ ಬಿಸಿ. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಹೊಲಿಯುತ್ತಿರಲಿಲ್ಲ, ಓದುತ್ತಿದ್ದಳು. ಅದು ಆ ಕೋಣೆಯ ಪದ್ಧತಿ. ಒಬ್ಬಳು ಓದುವುದು, ಅವಳ ಪಾಲಿನ ಹೊಲಿಗೆಯನ್ನು ಉಳಿದವರು ಹಂಚಿಕೊಳ್ಳುವುದು. ಪ್ರಾರ್ಥನಾ ಮಂದಿರದ ಬೀರುವಿನಿಂದ ದೊಡ್ಡಮ್ಮ ಪುಸ್ತಕ ತರುತ್ತಿದ್ದಳು. ಪ್ರಾರ್ಥನೆ ಮಾಡುವುದು ಹೇಗೆ ಎಂಬುದು, ದಿನಕ್ಕೊಂದು ಧ್ಯಾನ, ಭಕ್ತರಾಗಿ ಬಾಳಿದ ಗಂಡಸರು ಹೆಂಗಸರ ಕಥೆ. ಬೀರು ಚಿಕ್ಕದು, ಮುಗಿದ ಪುಸ್ತಕವನ್ನೇ ಮತ್ತೆ ಮೊದಲಿಂದ ಓದುತ್ತಿದ್ದೆವು. ಇನ್ನೊಂದು ಪದ್ಧತಿ ಇತ್ತು. ಸೂಜಿಯ ದಾರ ಮುಗಿದವಳು "ದಾರ" ಎನ್ನಬೇಕು. ಎಂದ ಕೂಡಲೇ ಓದುವವಳು ನಿಲ್ಲಿಸಬೇಕು. ದಾರ ಪೋಣಿಸುವಾಗ ಮನಸ್ಸೆಲ್ಲ ಸೂಜಿಯ ಕಣ್ಣಿನಲ್ಲಿರುತ್ತದೆ, ಕಿವಿಗೆ ಏನೂ ಬೀಳುವುದಿಲ್ಲ. ಒಬ್ಬಳಿಗೂ ಒಂದು ಮಾತೂ ತಪ್ಪಬಾರದು ಎಂದು ಮಾಡಿಕೊಂಡ ನಿಯಮ. ಹೀಗೆ ಓದು ನಿಲ್ಲುತ್ತ ಹೊರಡುತ್ತ ಸಾಗುತ್ತಿತ್ತು. ನಿಂತಾಗ ಆಗಷ್ಟೇ ಕೇಳಿದ ಮಾತು ತಲೆಯಲ್ಲಿ ಕೂತುಕೊಳ್ಳುತ್ತಿತ್ತು. ದೊಡ್ಡಮ್ಮನ ಬೆರಳ ತುದಿಯನ್ನು ನೋಡಿ ನೋಡಿ ನಾನು ಅಷ್ಟಿಷ್ಟು ಅಕ್ಷರ ಕಲಿತದ್ದೂ ಆ ನಿಲುಗಡೆಗಳಲ್ಲೇ.

ನನ್ನ ಓರಗಿತ್ತಿಗೆ ಒಬ್ಬಳೇ ಮಗಳು. ಹುಟ್ಟಿದ ಸುದ್ದಿ ಬಂದ ದಿನ ಇಸ್ತ್ರಿಯವಳು, "ಕಾಜಾದವಳ ಹೊಟ್ಟೇಲಿ ಬಟನ್ ಹುಟ್ಟದೆ ಇನ್ನೇನು ಹುಟ್ಟುತ್ತೆ" ಎಂದಳು. ಆವತ್ತಿನಿಂದ ಮಗುವಿನ ಹೆಸರು ಬಟನ್. ದುಂಡು ಮುಖದ, ಸುಮ್ಮನೆ ಕೂರದ ಮಗು. ಶಾಲೆ ಮುಗಿಸಿ ನಮ್ಮ ಕೋಣೆಗೇ ಬಂದು ಮೇಜಿನ ಕೆಳಗೆ ಕೂತು, ಬಿದ್ದ ನೂಲುಗಳನ್ನೆಲ್ಲ ಆರಿಸಿ ಗಂಟು ಹಾಕುತ್ತಿತ್ತು. "ನೋಡಮ್ಮ, ಇಷ್ಟುದ್ದ ಆಯ್ತು" ಎನ್ನುತ್ತಿತ್ತು. ನಮ್ಮ ಯಜಮಾನರ ತಮ್ಮ, ಎಂದರೆ ಮಗುವಿನ ಅಪ್ಪ, ನನ್ನ ಮೈದುನ, ಅದೇ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಸಂಜೆ ಮಸಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ಎಲ್ಲಿ ನಮ್ಮ ಬಟನ್ನು, ಕಿತ್ತುಹೋಯ್ತಾ?" ಎಂದು ಕೇಳುತ್ತಿದ್ದ. ಅದು ಅವನ ದಿನನಿತ್ಯದ ತಮಾಷೆ. ಆಮೇಲೆ ಆ ಮಾತನ್ನು ಅವನು ಹೇಗೆ ನುಂಗಿಕೊಂಡನೋ ನಾನು ಕೇಳಲಿಲ್ಲ.

ಮಗುವಿಗೆ ಜ್ವರ ಬಂತು. ಮೇಲೆ ಮಕ್ಕಳ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ತಾಯಿ ಪಕ್ಕ ಬಿಟ್ಟು ಏಳಲಿಲ್ಲ. ಜ್ವರ ಸ್ವಲ್ಪ ಇಳಿದಂತೆ ಕಂಡ ಒಂದು ಮಧ್ಯಾಹ್ನ ನರ್ಸ್ ಒತ್ತಾಯ ಮಾಡಿದಳು: "ಮುಖ ತೊಳ್ಕೊಂಡು ಒಂದು ಟೀ ಕುಡಿದು ಬನ್ನಿ, ಮಗು ಮಲಗಿದೆ." ಅವಳು ನಮ್ಮ ಕೋಣೆಗೆ ಇಳಿದು ಬಂದಳು. ನಾನೇ ಟೀ ಕೊಟ್ಟೆ. ಹೊದಿಕೆಗಳ ರಾಶಿಗೆ ಒರಗಿ ಕೂತವಳು ಲೋಟ ಕೈಯಲ್ಲಿ ಇರುವಾಗಲೇ ನಿದ್ದೆ ಹೋದಳು. ಲೋಟವನ್ನು ಬಿಡಿಸಿ ತೆಗೆದು, ಪಾಪ ಮಲಗಲಿ ಎಂದು ಎಲ್ಲರೂ ದನಿ ತಗ್ಗಿಸಿದೆವು. ದೊಡ್ಡಮ್ಮ ಓದು ನಿಲ್ಲಿಸಿದಳು. ನನ್ನ ಓರಗಿತ್ತಿ ಎಚ್ಚರವಾಗಿ ಎದ್ದು ಮೇಲೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದ ಹಾಸಿಗೆಯ ಮಗುವಿನ ತಾಯಿ, ಕೆಟ್ಟ ಮನಸ್ಸಿನಿಂದಲ್ಲ, ತಿಳಿಯದೆ ಹೇಳಿಬಿಟ್ಟಳು: "ಕರೀತಾ ಇತ್ತು, ಅಮ್ಮಾ ಅಂತ. ಆಮೇಲೆ ಸುಮ್ಮನಾಯ್ತು."

ಅಳುವಷ್ಟು ದಿನ ಅತ್ತು ಅವಳು ಕೆಲಸಕ್ಕೆ ಮರಳಿದಳು. ಎಲ್ಲರೂ ಸುಧಾರಿಸಿಕೊಂಡಳು ಎಂದುಕೊಂಡೆವು. ಒಂದು ದಿನ ಕಾಜಾ ಕಟ್ಟುತ್ತಿದ್ದವಳು ಸೂಜಿಯನ್ನು ಹಾಗೇ ಬಟ್ಟೆಯಲ್ಲಿ ಬಿಟ್ಟು ತಗಡಿನ ಬಾಗಿಲ ಕಡೆ ತಿರುಗಿದಳು.

"ಕೇಳಿಸ್ತಾ ಅಕ್ಕ?"

"ಏನೇ?"

"ಕರೀತಿದಾಳೆ."

ಮೇಲೆ ಮಕ್ಕಳ ವಾರ್ಡು ಇದೆ, ಯಾವ ಮಗುವೋ ಕರೆದಿರುತ್ತದೆ, ಎಲ್ಲ ಮಕ್ಕಳೂ ಅಮ್ಮಾ ಎಂದೇ ಕರೆಯುವುದು ಎಂದು ಹೇಳಿದೆ. ಅವಳು ತಲೆಯಾಡಿಸಿದಳು. "ಬೇರೆ ಮಕ್ಕಳು ಕರೆದಾಗ ಕರೆದು ನಿಲ್ಲಿಸ್ತಾರೆ. ಇವಳು ನಿಲ್ಲಿಸಿದ ಮೇಲೂ ಕೇಳಿಸುತ್ತೆ." ಅದಾದ ಮೇಲೆ ಆ ಕೊಳವೆಯಿಂದ ಬಟ್ಟೆಯ ಗಂಟು ಜಾರುವ ಸರಸರ ಸದ್ದು ಬಂದರೆ ನಾನೇ ಮುಂದಾಗಿ ಎದ್ದು ಹೋಗುತ್ತಿದ್ದೆ. ಗಂಟು ಬಿಚ್ಚುವಾಗ ಅದರಲ್ಲಿ ಚಿಕ್ಕ ಮಕ್ಕಳ ಅಂಗಿ ಇದ್ದರೆ ಅವಳ ಕಣ್ಣಿಗೆ ಬೀಳುವ ಮೊದಲೇ ರಾಶಿಯ ಕೆಳಗೆ ಸೇರಿಸಿಬಿಡುತ್ತಿದ್ದೆ.

ಅವಳಿಗೆ ಸಮಾಧಾನವಾಗಲಿ ಎಂದು ದೊಡ್ಡಮ್ಮ ಬೀರುವಿನಿಂದ ಒಂದು ಹಳೆಯ ಪುಸ್ತಕ ತಂದಳು. ನಾವೆಲ್ಲ ಮೊದಲೂ ಕೇಳಿದ್ದ ಪುಸ್ತಕವೇ. ರಟ್ಟು ಹರಿದುಹೋಗಿದ್ದರಿಂದ ಅದರ ಹೆಸರು ನಮಗೆ ಗೊತ್ತಿರಲಿಲ್ಲ. ದೋಣಿ ನಡೆಸುವವನ ಹೆಂಡತಿ ಒಬ್ಬಳು ತಾನು ದೇವರ ಜೊತೆ ಬಾಳಿದ್ದನ್ನು ತಾನೇ ಬರೆದದ್ದು. ದೋಣಿಯಮ್ಮನ ಪುಸ್ತಕ ಎನ್ನುತ್ತಿದ್ದೆವು. ಆ ಹೆಂಗಸಿಗೂ ಒಂದು ಮಗು ತೀರಿಕೊಂಡಿತ್ತು. ದೊಡ್ಡಮ್ಮ ನಿಧಾನವಾಗಿ ಓದಿದಳು: ಮಗುವನ್ನು ಮಣ್ಣಿಗಿಟ್ಟು ನಾವಿಬ್ಬರೂ ದೋಣಿಯಲ್ಲಿ ಮನೆಗೆ ಬಂದೆವು. ಹಾಳೆ ಮಗುಚಿ ಮುಂದೆ ಓದಿದಳು: ಬೆಳಿಗ್ಗೆ ಎದ್ದು ಬಾಗಿಲು ತೆರೆದೆ, ನನ್ನ ಬಾಯಿಂದ ಸ್ತೋತ್ರದ ಹಾಡು ತಾನಾಗಿ ಬಂತು.

"ನೋಡ್ದೆಯಾ ಮಗಳೇ, ಎಂಥ ನಂಬಿಕೆ" ಎಂದಳು ದೊಡ್ಡಮ್ಮ.

ನನ್ನ ಓರಗಿತ್ತಿ ಕಾಜಾ ಕಟ್ಟುತ್ತಲೇ ಇದ್ದಳು. ಸಂಜೆ ಮನೆಗೆ ಹೋಗುವಾಗ ಬೀದಿಯ ತಿರುವಿನಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ಅವಳು ಮಾರನೇ ದಿನಾನೇ ಹಾಡಿದಳು. ನನ್ನ ಬಾಯಲ್ಲಿ ಪ್ರಾರ್ಥನೆಯ ಮೊದಲ ಮಾತೂ ಬರ್ತಿಲ್ಲ. ನಾನು ದೇವರ ಮಗಳಲ್ಲ ಅಂತ ಕಾಣುತ್ತೆ. ಆಗಿದ್ರೆ ಆವತ್ತು ನಿದ್ದೆ ಬರ್ತಿರಲಿಲ್ಲ."

"ಹುಚ್ಚಿ ಹಾಗೆ ಮಾತಾಡಬೇಡ."

"ಹುಚ್ಚು ಹಿಡಿದರೂ ಆಗ್ತಿತ್ತು. ಇದು ಸರಿಯಾಗೇ ಗೊತ್ತಾಗ್ತಿದೆ."

ಆ ವಾರದಿಂದ ಅವಳು ಭಾನುವಾರದ ಸಭೆಗೆ ಬರುವುದು ಬಿಟ್ಟಳು. ಮೈದುನ ಒಬ್ಬನೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದ. ಕೇಳಿದವರಿಗೆ ಮೈ ಸರಿಯಿಲ್ಲ ಎನ್ನುತ್ತಿದ್ದ.

ಅಷ್ಟರಲ್ಲಿ ದೊಡ್ಡಮ್ಮನ ಕಣ್ಣು ಮಂಜಾಗಿ ಅಕ್ಷರ ಕಾಣದಾಯಿತು. ಇನ್ನು ಓದು ನಿಂತಿತು ಎಂದುಕೊಂಡೆವು. ಇಸ್ತ್ರಿಯವಳಿಗೆ ಅಕ್ಷರ ಬಾರದು. ನನಗೆ ಬರುತ್ತಿದ್ದ ಅಕ್ಷರದಲ್ಲಿ ಒಂದು ಪುಟ ಓದುವಷ್ಟರಲ್ಲಿ ಒಂದು ಹೊದಿಕೆ ಹೊಲಿದು ಮುಗಿಸಬಹುದಿತ್ತು. ಆಗ ನನ್ನ ಓರಗಿತ್ತಿ, "ನಾನು ಓದ್ತೀನಿ" ಎಂದಳು. ಸಭೆ ಬಿಟ್ಟವಳು, ಪ್ರಾರ್ಥನೆಗೆ ಬಾಯಿ ತೆರೆಯದವಳು ಓದುತ್ತೇನೆ ಎಂದಾಗ ದೊಡ್ಡಮ್ಮನ ಮುಖ ಅರಳಿತು. ನನ್ನ ಮನಸ್ಸೂ ಹಗುರಾಯಿತು.

ಹಗುರಾದದ್ದು ಹೆಚ್ಚು ದಿನ ಉಳಿಯಲಿಲ್ಲ. ಅವಳು ಓದುತ್ತಿದ್ದದ್ದು ನಲ್ಲಿ ತಿರುಗಿಸಿ ಬಿಟ್ಟಂತೆ. ಚುಕ್ಕೆ ಬಂದರೂ ನಿಲ್ಲುತ್ತಿರಲಿಲ್ಲ, ಅಧ್ಯಾಯ ಮುಗಿದರೂ ನಿಲ್ಲುತ್ತಿರಲಿಲ್ಲ. ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಸರಕ್ಕನೆ ಹಾಳೆ ಮಗುಚುವುದು, ಓದುವುದು. ನಾವು "ದಾರ" ಎಂದರೆ ಕೇಳಿಸದವಳಂತೆ ಮುಂದೆ ಹೋಗುತ್ತಿದ್ದಳು.

"ಏನೇ ಇದು, ಬಸ್ಸು ತಪ್ಪಿಹೋಗುತ್ತಾ ನಿಂದು?" ಎಂದಳು ಇಸ್ತ್ರಿಯವಳು. "ಈ ಪುಣ್ಯಾತ್ಮ ಈಗಷ್ಟೇ ಜೈಲಿಗೆ ಹೋದ, ನಾನು ಒಂದು ಕಾಲರು ತಿರುಗಿಸೋದರೊಳಗೆ ಸತ್ತೇ ಹೋಗಿದಾನೆ. ನಡುವೆ ಏನಾಯ್ತು ಅಂತ ನಂಗೆ ಯಾರು ಹೇಳ್ತಾರೆ?"

"ಕಿವಿ ಇಟ್ಟು ಕೇಳಿ" ಎಂದಳು ನನ್ನ ಓರಗಿತ್ತಿ, ಕಣ್ಣೆತ್ತದೆ.

"ಕಿವಿ ಇದೆಯಮ್ಮ. ಕಾಲಿಲ್ಲ, ನಿನ್ನ ಹಿಂದೆ ಓಡೋಕೆ."

ಮೈದುನನೂ ನನ್ನ ಹತ್ತಿರ ಬಂದು ಗೋಳು ತೋಡಿಕೊಂಡ. "ಅತ್ತಿಗೆ, ಮನೇಲೂ ಓದ್ತಾಳೆ. ಒಲೆ ಮುಂದೆ ನಿಂತು ಜೋರಾಗಿ ಓದ್ತಾಳೆ. ನಾನು ಮಾತಾಡಿಸಿದರೆ ದನಿ ಇನ್ನೂ ಏರಿಸ್ತಾಳೆ. ನೀವೆಲ್ಲ ಭಕ್ತಿ ಅಂತೀರ. ನಂಗೆ ಹಾಗನ್ನಿಸಲ್ಲ. ಬಾಯ್ಲರಲ್ಲಿ ಒತ್ತಡ ಜಾಸ್ತಿಯಾದಾಗ ಸೀಟಿ ಹಾಕುತ್ತಲ್ಲ, ಹಾಗಿದೆ. ಸೀಟಿ ಕೇಳಿ ಸಂತೋಷಪಡೋರುಂಟಾ?"

ಅವನು ಹೇಳಿದ್ದು ನಿಜವಾಗಿತ್ತು. ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ನೇರವಾಗಿ ಕೇಳಿದೆ. ಅವಳು ಬಚ್ಚಿಡಲಿಲ್ಲ.

"ಓದ್ತಾ ಇದ್ದರೆ ಅವಳು ಕರೆಯೋದು ಕೇಳಿಸಲ್ಲ ಅಕ್ಕ. ನಿಲ್ಲಿಸಿದರೆ ಕೇಳಿಸುತ್ತೆ. ಅದಕ್ಕೇ ನಿಲ್ಲಿಸಲ್ಲ."

"ಓದಿದ್ದು ಏನು ಅಂತಾದರೂ ಗೊತ್ತಾಗುತ್ತಾ?"

"ಏನೂ ಗೊತ್ತಾಗಲ್ಲ. ಹತ್ತಿ ತುರುಕಿಕೊಂಡ ಹಾಗೆ. ಹತ್ತಿಗೆ ಅರ್ಥ ಏನಿರುತ್ತೆ?"

ಇಷ್ಟು ಹೊತ್ತಿಗೆ ಅವಳ ಗಂಟಲು ಕಟ್ಟಿ ದನಿ ಒಡೆದುಹೋಗಿತ್ತು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಹೀಗೆ ಓಡುತ್ತ ಓಡುತ್ತ ಇವಳು ಒಂದು ದಿನ ಗಂಡನ ಕೈಗೂ ದೇವರ ಕೈಗೂ ಸಿಗದಷ್ಟು ದೂರ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ದೊಡ್ಡಮ್ಮನಿಗೆ ಹೇಳಿದೆ. ಈಗ ಅವಳು ಮೂಲೆಯಲ್ಲಿ ಕೂತು ಹಳೆಯ ಹೊಲಿಗೆಯ ನೂಲನ್ನು ಕೈಯಂದಾಜಿನಿಂದ ಬಿಚ್ಚುತ್ತಿದ್ದಳು. ಒಂದು ಎಳೆ ಎಳೆದು ತೆಗೆದು, "ಓದೋದು ಬಿಡಿಸಬೇಡ" ಎಂದಳು. "ಬಿಡಿಸಿದರೆ ಬರೀ ಭಯ ಉಳಿಯುತ್ತೆ. ನಿಲ್ಲಿಸೋದನ್ನ ಕಲಿಸಬೇಕು. ಊಟ ಮಾಡೋವಾಗ ನುಂಗೋದಕ್ಕೆ ನಿಲ್ಲಿಸಲ್ವಾ, ಹಾಗೆ." ಆಮೇಲೆ ಅವಳನ್ನು ಕೂಗಿ, "ನಾಳೆ ದೋಣಿಯಮ್ಮನ ಪುಸ್ತಕ ಓದೇ" ಎಂದಳು.

"ಅದೊಂದು ಬೇಡ ದೊಡ್ಡಮ್ಮ."

"ನಂಗೆ ಬೇಕು. ಕಣ್ಣಿಲ್ಲದವಳು ಕೇಳ್ತಿದೀನಿ, ಇಲ್ಲ ಅಂತೀಯಾ?"

ಇಲ್ಲ ಎನ್ನಲು ಅವಳಿಗೆ ಆಗಲಿಲ್ಲ. ಮರುದಿನ ಆ ಪುಸ್ತಕ ಹಿಡಿದು ಕೂತಳು. ಎಂದಿಗಿಂತ ವೇಗವಾಗಿ ಓದಿದಳು. ಮದುವೆ, ಹೊಳೆ, ದೋಣಿ, ಮಗು ಎಲ್ಲ ಒಂದೇ ಉಸಿರಿನಲ್ಲಿ ಹೋದವು. ಮಗುವನ್ನು ಮಣ್ಣಿಗಿಟ್ಟು ನಾವಿಬ್ಬರೂ ದೋಣಿಯಲ್ಲಿ ಮನೆಗೆ ಬಂದೆವು ಎಂದು ಓದಿ, ಹಾಳೆ ಮಗುಚಲು ಅದರ ಮೂಲೆಯನ್ನು ಹಿಡಿದಳು.

"ದಾರ" ಎಂದಳು ದೊಡ್ಡಮ್ಮ.

ಅವಳ ಕೈಯಲ್ಲಿ ಸೂಜಿಯೇ ಇರಲಿಲ್ಲ. ಎಲ್ಲರಿಗೂ ಅದು ಕಾಣುತ್ತಿತ್ತು. ಯಾರೂ ನಗಲಿಲ್ಲ. ಇಸ್ತ್ರಿಯವಳು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದಳು. ನಾನೂ ಸೂಜಿ ಕೆಳಗಿಟ್ಟೆ. ಏನಾಯಿತೋ, ಆವತ್ತು ನನ್ನ ಓರಗಿತ್ತಿ ನಿಂತಳು. ಬಹುಶಃ ಮುಂದಿನ ಪುಟದ ಆ ಹಾಡನ್ನು ಓದುವುದಕ್ಕಿಂತ ನಿಲ್ಲುವುದೇ ವಾಸಿ ಎನಿಸಿರಬೇಕು. ಕೋಣೆಯಲ್ಲಿ ಸದ್ದಿಲ್ಲ. ಅವಳು ತಗಡಿನ ಬಾಗಿಲ ಕಡೆ ನೋಡಿದಳು. ಕರೆ ಅವಳಿಗೆ ಕೇಳಿಸುತ್ತಿತ್ತು ಎಂದು ಆ ಮುಖವೇ ಹೇಳುತ್ತಿತ್ತು. ನಮಗೆ ಏನೂ ಕೇಳಿಸಲಿಲ್ಲ. ಹಾಳೆಯ ಮೂಲೆ ಅವಳ ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಗೇ ಇತ್ತು. ಅವಳಿಗೆ ಗೊತ್ತಿಲ್ಲದೆ ಬೆರಳುಗಳು ಅದನ್ನು ಉಜ್ಜುತ್ತಿದ್ದವು.

ಆಮೇಲೆ ಉಜ್ಜುವುದು ನಿಂತಿತು.

"ಅಕ್ಕ, ಇಲ್ಲಿ ಬಾ. ಇದನ್ನ ಮುಟ್ಟಿ ನೋಡು."

ಮುಟ್ಟಿದೆ. ನನಗೆ ಕಾಗದ ಕಾಗದದಂತೆಯೇ ಇತ್ತು.

"ಇದು ಒಂದು ಪದರ ಅಲ್ಲ. ಎರಡು ಪದರ" ಎಂದಳು.

ಕಾಜಾ ಹಾಕುವ ಜಾಗದಲ್ಲಿ ಕೋಟಿನ ಬಟ್ಟೆ ಎಷ್ಟು ಪದರವಿದೆ, ನಡುವೆ ಗಟ್ಟಿ ಬರಲೆಂದು ಇಡುವ ಒತ್ತು ಬಟ್ಟೆ ಸೇರಿದೆಯೋ ಇಲ್ಲವೋ ಎಂಬುದನ್ನು ಬೆರಳಿನಲ್ಲೇ ನೋಡುವವಳು ಅವಳು. ಇಷ್ಟು ದಿನ ಒದ್ದೆ ಹೆಬ್ಬೆರಳಿನಿಂದ ಸರಕ್ಕನೆ ಮಗುಚುತ್ತಿದ್ದರಿಂದ ತಿಳಿದಿರಲಿಲ್ಲ. ಪುಸ್ತಕವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆವು. ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಅಕ್ಷರಗಳ ನೆರಳು ಕಾಣುತ್ತಿತ್ತು. ಅಂಟಿಸಿದ್ದು ನಮ್ಮದೇ ಗಂಜಿ. ಯಾವತ್ತೋ ಯಾರ ಬೆರಳಿನಿಂದಲೋ ತಾಗಿ ಒಣಗಿ, ನಮ್ಮ ಓದಿನ ನಡುವೆ ಗೋಡೆ ಎಬ್ಬಿಸಿತ್ತು. ಅಷ್ಟು ಸಲ ಓದಿದ ದೊಡ್ಡಮ್ಮನಿಗೂ ಗೊತ್ತಾಗಿರಲಿಲ್ಲ. ವಾಕ್ಯ ಈ ಕಡೆ ಮುಗಿದು ಆ ಕಡೆ ಹೊಸದಾಗಿ ಶುರುವಾಗುತ್ತಿತ್ತಲ್ಲ.

ಇಸ್ತ್ರಿಯವಳು ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟು ಆವಿ ಎಬ್ಬಿಸಿದಳು. ಅಂಟಿದ ಹಾಳೆಗಳನ್ನು ಆ ಆವಿಗೆ ಹಿಡಿದು, ಮೊಂಡು ಸೂಜಿಯನ್ನು ನಡುವೆ ತೂರಿಸಿ, ನೂಲಿನಷ್ಟು ನೂಲಿನಷ್ಟೇ ಬಿಡಿಸಿದೆ. ಆವತ್ತು ಯಾರೂ ಹೊಲಿಯಲಿಲ್ಲ. ಹಾಳೆಗಳು ಬಿಟ್ಟುಕೊಂಡವು. ಒಂದರ ಅಕ್ಷರ ಇನ್ನೊಂದಕ್ಕೆ ಅಲ್ಲಲ್ಲಿ ಮೆತ್ತಿಕೊಂಡಿದ್ದರೂ ಓದಬಹುದಿತ್ತು. ಕೊನೆಯ ಕೆಲವು ಸಾಲುಗಳು ಮಾತ್ರ ಗಂಜಿಯ ಜೊತೆಗೇ ಕಿತ್ತುಬಂದು ಪುಡಿಯಾದವು. ಆ ಜಾಗದಲ್ಲಿ ಕಾಗದ ಉಣ್ಣೆಯ ಹಾಗೆ ಬೆಳ್ಳಗೆ ಎದ್ದಿತ್ತು.

ನನ್ನ ಓರಗಿತ್ತಿ ಓದಿದಳು. ನಾವು ಕೇಳಿದ ಅವಳ ಮೊದಲ ಓದು ಅದು ಎನ್ನಬೇಕು. ಒಂದೊಂದು ಮಾತಿಗೂ ನಿಂತು ಓದಿದಳು.

ದೋಣಿಯಮ್ಮ ಬರೆದಿದ್ದಳು: ಆಮೇಲೆ ಎರಡು ವರ್ಷ ನಾನು ಹಾಡಲಿಲ್ಲ. ಹೊಳೆಯ ಆಚೆ ದಡದಿಂದ ಯಾರು ಕೂಗಿ ಕರೆದರೂ ನನ್ನ ಮಗುವೇ ಕರೆದಂತೆ ಕೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗಂಡ ಒಬ್ಬನೇ ಉಣ್ಣುತ್ತಿದ್ದ. ದೇವರ ಕಡೆಗೆ ಬೆನ್ನು ಹಾಕಿ ಕೂತೆ. ಆತನು ನನ್ನನ್ನು ತಿರುಗಿಸಲಿಲ್ಲ, ಗದರಿಸಲಿಲ್ಲ. ನನ್ನ ಬೆನ್ನ ಹಿಂದೆ ತಾನೂ ನೆಲದ ಮೇಲೆ ಕೂತನು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಒಂದು ದಿನ ಆಚೆ ದಡದಿಂದ ಮತ್ತೆ ಕರೆ ಬಂತು. ಆಗ ನಾನು...

ಮುಂದೆ ಬಿಳಿಯ ಉಣ್ಣೆ. ಹಾಳೆ ಮಗುಚಿದರೆ ಹಾಡಿನ ಆ ಬೆಳಿಗ್ಗೆ.

ದೊಡ್ಡಮ್ಮ ಕಣ್ಣೊರೆಸಿಕೊಂಡಳು. "ಆ ಹೆಂಗಸನ್ನ ಇಷ್ಟು ಕಾಲ ಕಲ್ಲು ಮಾಡಿ ಕೂರಿಸಿದೆವಲ್ಲೇ" ಎಂದಳು. "ನಿನ್ನ ತಲೆ ಮೇಲೂ ಆ ಕಲ್ಲು ಹೇರಿದೆವು."

ನನ್ನ ಓರಗಿತ್ತಿಯ ಗಮನ ಆ ಕಡೆ ಇರಲಿಲ್ಲ. ಕಿತ್ತುಹೋದ ಜಾಗವನ್ನು ಬೆರಳಿನಿಂದ ಸವರುತ್ತ, "ಆಗ ಏನು ಮಾಡಿದಳು ಅಕ್ಕ?" ಎಂದು ಕೇಳಿದಳು. ನನಗೆ ಹೇಗೆ ಗೊತ್ತಿರುತ್ತದೆ?

ಮುಂದಿನ ಭಾನುವಾರ ಅವಳು ಸಭೆಗೆ ಬಂದಳು. ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಅವಳು ಕೂತೇ ಇದ್ದಳು. ಮೈದುನ ಅವಳ ತೋಳು ಮುಟ್ಟಿದ. "ಬೆನ್ನು ಹಾಕಿ ಕೂತವರಿಗೂ ಇಲ್ಲಿ ಜಾಗ ಇದೆಯಂತೆ, ಪುಸ್ತಕದಲ್ಲಿದೆ" ಎಂದಳು ಮೆಲ್ಲಗೆ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. ಅವನೂ ಕೂತುಬಿಟ್ಟ.

ಅಲ್ಲಿಂದ ಅವಳ ಓದೇ ಬೇರೆಯಾಯಿತು. ಬೀರುವಿನ ಪುಸ್ತಕಗಳನ್ನೆಲ್ಲ ಮತ್ತೆ ಮೊದಲಿಂದ ಹಿಡಿದಳು. ಒಂದು ಸಾಲು ಓದುವುದು, ಕಾಜಾ ಕಟ್ಟುವುದು, ಆ ಸಾಲನ್ನು ಮನಸ್ಸಿನಲ್ಲಿ ತಿರುಗಿಸುವುದು. ದಿನದ ಧ್ಯಾನದ ಪುಸ್ತಕದಲ್ಲಿ ಸಿಟ್ಟಿನ ವಿಷಯ ಬಂದ ದಿನ ಎದ್ದು ಹೋಗಿ, ಮಗು ಕರೆಯುತ್ತಿತ್ತು ಎಂದು ಹೇಳಿದ್ದ ಆ ಪಕ್ಕದ ಹಾಸಿಗೆಯ ತಾಯಿಯ ಮನೆ ಎಲ್ಲಿ ಎಂದು ವಿಚಾರಿಸಿ, ಅವಳನ್ನು ಕಂಡು ಮಾತಾಡಿಸಿ ಬಂದಳು. ಜೈಲಿಗೆ ಹೋದ ಭಕ್ತನ ಕಥೆಯಲ್ಲಿ ಅವನು ಕತ್ತಲಿಗೆ ಹೆದರಿ ಅತ್ತನೆಂದು ಬರೆದಿತ್ತು. ಓಡಿಸಿ ಓದಿದಾಗ ನಾವು ಅದನ್ನು ಕೇಳಿಯೇ ಇರಲಿಲ್ಲ. "ಇವರೆಲ್ಲ ನಮ್ಮಂಥವರೇ ಕಣೇ" ಎಂದಳು ಇಸ್ತ್ರಿಯವಳು, ಯಾವುದೋ ನೆಂಟರ ಗುಟ್ಟು ತಿಳಿದವಳ ಹಾಗೆ. ಅಂಥ ಪುಸ್ತಕ ಓದಿದರೆ ದುಃಖ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಮಗಿಂತ ಮೊದಲು ಆ ಕತ್ತಲಲ್ಲಿ ನಡೆದವರ ಹೆಜ್ಜೆಸಪ್ಪಳ ಕೇಳಿಸುತ್ತದೆ. ಒಂಟಿಯಾಗಿ ನಡೆಯುವುದಕ್ಕೂ ಹಾಗೆ ನಡೆಯುವುದಕ್ಕೂ ವ್ಯತ್ಯಾಸವಿದೆ. ಇದನ್ನು ನಾನು ಅವಳ ಮುಖದಲ್ಲಿ ನೋಡಿದೆ.

ಆದರೆ ಕರೆ ನಿಲ್ಲಲಿಲ್ಲ. ಓದು ನಿಧಾನವಾದ ಹಾಗೆ ನಡುವಿನ ಮೌನವೂ ಉದ್ದವಾಯಿತು. ಆ ಮೌನದಲ್ಲಿ ಕರೆ ಬರುತ್ತಲೇ ಇತ್ತು. ಅವಳು ಈಗ ಓಡುತ್ತಿರಲಿಲ್ಲ, ಅಷ್ಟೆ. ಪ್ರತಿ ಪುಸ್ತಕದಲ್ಲೂ ದೋಣಿಯಮ್ಮನ ಕಿತ್ತುಹೋದ ಸಾಲನ್ನು ಹುಡುಕುತ್ತಿದ್ದಳು. ಸಿಗಲಿಲ್ಲ. "ಎಲ್ಲರೂ ಅಲ್ಲಿಗೆ ಬಂದು ಬೇರೆ ಬೇರೆ ಮಾಡಿದಾರೆ ಅಕ್ಕ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಆಗಲ್ಲ ಅಂತ ಕಾಣುತ್ತೆ" ಎಂದು ಒಮ್ಮೆ ಹೇಳಿದಳು.

ಒಂದು ಮಧ್ಯಾಹ್ನ ಅವಳು ಪ್ರಾರ್ಥನೆಯ ಪುಸ್ತಕ ಓದುತ್ತಿದ್ದಳು. ದೇವರು ಕರೆದಾಗ ಮನುಷ್ಯರು ಏಕೆ ಬಚ್ಚಿಟ್ಟುಕೊಳ್ಳುತ್ತಾರೆ ಎಂಬ ಮಾತು ಬಂದಿತ್ತು. ನಾನು ದಾರ ಎಂದೆ, ಅವಳು ನಿಂತಳು. ಆಗ ಕೇಳಿಸಿತು. ಅವಳೊಬ್ಬಳಿಗಲ್ಲ, ನನಗೂ ಕೇಳಿಸಿತು. ತಗಡಿನ ಬಾಗಿಲ ಆಚೆಯಿಂದ, ಬಹಳ ಮೇಲಿನಿಂದ, ನಿದ್ದೆಗಣ್ಣಿನ ಮಗು ಕರೆಯುವ ಹಾಗೆ, ಅಮ್ಮಾ ಎಂದು. ಇಸ್ತ್ರಿಯವಳು ಬಟ್ಟೆಯ ಮೇಲಿನ ಇಸ್ತ್ರಿಯನ್ನು ಮರೆತು ನಿಂತಳು. ಸುಟ್ಟ ವಾಸನೆ ಬಂದಾಗಲೇ ಎತ್ತಿದ್ದು. ದೊಡ್ಡಮ್ಮ ಮಂಜುಗಣ್ಣನ್ನು ಸೂರಿನ ಕಡೆ ತಿರುಗಿಸಿದಳು.

ನನ್ನ ಓರಗಿತ್ತಿ ಓದಿದ ಜಾಗದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿದಳು. ಎದ್ದಳು. ಮಗು ಹೋದ ಮೇಲೆ ಅವಳು ಒಂದು ಸಲವೂ ವಾರ್ಡಿಗೆ ಹೋಗುವ ಮೆಟ್ಟಿಲು ಹತ್ತಿರಲಿಲ್ಲ. ಈಗ ಒಂದು ಕೈ ಗೋಡೆಗೆ ಊರಿ ಹತ್ತಿದಳು. ನಾನು ಹಿಂದೆಯೇ ಹೋದೆ.

ಮಕ್ಕಳ ವಾರ್ಡು ಸ್ತಬ್ಧವಾಗಿತ್ತು. ಊಟವಾಗಿ ಮಕ್ಕಳೆಲ್ಲ ಮಲಗಿದ್ದರು. ತಾಯಂದಿರು ಕೂತಲ್ಲೇ ತೂಕಡಿಸುತ್ತಿದ್ದರು. ಬಾಗಿಲ ಬಳಿಯ ನರ್ಸ್ ತಲೆಯೆತ್ತಿದಳು.

"ಯಾವ ಮಗು ಕರೀತು?" ಎಂದು ಕೇಳಿದಳು ನನ್ನ ಓರಗಿತ್ತಿ.

"ಯಾರೂ ಕರೆದಿಲ್ಲವಲ್ಲ. ಆಗಿನಿಂದ ಎಲ್ಲ ಮಲಗಿವೆ" ಎಂದಳು ನರ್ಸ್.

ಬಟನ್ ಮಲಗಿದ್ದ ಕಿಟಕಿಯ ಪಕ್ಕದ ಹಾಸಿಗೆ ಖಾಲಿ ಇತ್ತು. ಒಗೆದ ಹೊದಿಕೆ ಹಾಸಿತ್ತು. ಅದರ ಅಂಚನ್ನು ನಾನೇ ಹೊಲಿದದ್ದು. ಅವಳನ್ನು ಹಿಡಿದು ಕೆಳಗೆ ಕರೆದುಕೊಂಡು ಹೋಗೋಣವೆಂದು ಕೈ ಚಾಚಿದೆ. ಅವಳು ನಡೆದು ಹೋಗಿ ಆ ಹಾಸಿಗೆಯ ಪಕ್ಕ ನಿಂತಳು. ಬಗ್ಗಿದಳು. ಮನೆಯಲ್ಲಿ ಕೆಲಸದ ನಡುವೆ ಮಗು ಕರೆದರೆ ತಾಯಿ ಹೇಗೆ ಹೇಳುತ್ತಾಳೋ ಹಾಗೆ, "ಓ" ಎಂದಳು. "ಬಂದೆ ಮಗಾ. ಇಲ್ಲೇ ಇದೀನಿ."

ಆಮೇಲೆ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಳು. ಬೆರಳಿಟ್ಟ ಪುಟ ತೆರೆದು ಬಿಟ್ಟಲ್ಲಿಂದ ಓದಿದಳು, ಪಕ್ಕದವರ ನಿದ್ದೆ ಕೆಡದಷ್ಟು ಮೆಲ್ಲಗೆ. ವಾಕ್ಯ ಮುಗಿದಾಗ ನಿಂತಳು. ಮತ್ತೆ ಓದಿದಳು. ಆಚೆ ಹಾಸಿಗೆಯ ತಾಯಿಯೊಬ್ಬಳು ಕಣ್ಣು ತೆರೆದು, ತನ್ನ ಸ್ಟೂಲನ್ನು ಸದ್ದಾಗದಂತೆ ಈ ಕಡೆ ಎಳೆದುಕೊಂಡಳು.

ಆವತ್ತಿನಿಂದ ಕೈಕಾಲು ಗಟ್ಟಿ ಇರುವವರೆಗೂ ಅವಳು ಮಧ್ಯಾಹ್ನದ ಹೊತ್ತು ಮೇಲೆ ಹೋಗಿ ಓದುತ್ತಿದ್ದಳು. ತಾಯಂದಿರು ಟೀ ಕುಡಿಯಲು ಇಳಿದುಹೋದಾಗ ಅವರ ಮಕ್ಕಳ ಪಕ್ಕ ಕೂರುತ್ತಿದ್ದಳು. ಅವಳ ಪಾಲಿನ ಕಾಜಾಗಳನ್ನು ನಾವು ಹಂಚಿಕೊಂಡೆವು. ನಮ್ಮವು ಅಷ್ಟು ಗಟ್ಟಿ ಬರಲಿಲ್ಲ.

ಕರೆ ನಿಂತಿತೇ ಎಂದು ನಾನು ಎಷ್ಟೋ ವರ್ಷ ಕೇಳಲಿಲ್ಲ, ಕೇಳಲು ಭಯ. ಅವಳ ಕೊನೆಯ ಕಾಯಿಲೆಯಲ್ಲಿ, ನಾನು ಪಕ್ಕದಲ್ಲಿ ಕೂತು ಅಕ್ಷರ ಕೂಡಿಸಿ ಕೂಡಿಸಿ ಅವಳಿಗೆ ಓದುತ್ತಿದ್ದಾಗ, ಅವಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಕಿವಿಗೊಟ್ಟಳು.

"ಈಗಲೂ ಕರೀತಾಳಾ?" ಎಂದೆ.

"ಕರೀತಾಳೆ ಅಕ್ಕ" ಎಂದಳು. "ಆದರೆ ಈಗ ಹೆದರಿಕೊಂಡು ಕರೆಯಲ್ಲ."